ಫೀಸು ನೂರೆಂಬತ್ತು, ಹಾಸಿಗೆಗೆ ಹದಿನಾಲ್ಕು ಸಾವಿರ

ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳ ಫೀಸಿನ ಪಟ್ಟಿಯಲ್ಲಿ ಬೋಧನಾ ಶುಲ್ಕದ ಎದುರು ದಶಕಗಳ ಕಾಲ ನಮೂದಾಗುತ್ತ ಬಂದ ಮೊತ್ತ ಎಷ್ಟು ಗೊತ್ತೆ? ವರ್ಷಕ್ಕೆ 180 ರೂಪಾಯಿ. ತಿಂಗಳಿಗೆ ಹದಿನೈದು. ಅದರ ಕೆಳಗೆ ಅಭಿವೃದ್ಧಿ ನಿಧಿ, ಸೌಲಭ್ಯ ಶುಲ್ಕ, ಪರೀಕ್ಷೆ, ಕ್ರೀಡೆ, ಗ್ರಂಥಾಲಯ ಎಂದು ಇನ್ನೂ ಹತ್ತಾರು ಸಾಲುಗಳಿರುತ್ತವೆ. 2022ರಿಂದೀಚೆಗೆ ಅವು ಏರುತ್ತಲೂ ಇವೆ. ಆದರೂ ಸರ್ಕಾರದ ಅನುದಾನವಿರುವ ಎಷ್ಟೋ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ.ನ ಒಂದು ವರ್ಷದ ಫೀಸು ಹತ್ತಿಪ್ಪತ್ತು ಸಾವಿರದೊಳಗೆ ಮುಗಿಯುತ್ತದೆ. ಊರಿಗೆ ಹೋದಾಗ ಈ ಮಾತು ಹೇಳಿದರೆ ಸಾಕು, “ಇಷ್ಟೇನಾ? ನಮ್ಮ ಬೆಂಗಳೂರಲ್ಲಿ ಎಲ್.ಕೆ.ಜಿ.ಗೇ ಲಕ್ಷ ಕೇಳ್ತಾರಲ್ರೀ!” ಎನ್ನುತ್ತಾರೆ. ನನ್ನ ಜಗಳ ಇರುವುದು ಆ “ಇಷ್ಟೇನಾ” ಎಂಬ ಮಾತಿನ ಜತೆ.

ಇಷ್ಟೇ ಅಲ್ಲ, ಸ್ವಾಮಿ. ರಾತ್ರಿ ಮಲಗಲು ಒಂದು ಹಾಸಿಗೆ, ಎರಡು ಹೊತ್ತಿನ ಊಟ, ಇವುಗಳ ಬೆಲೆಯೇ ಇವತ್ತು ನಿಜವಾದ ಫೀಸು. ಅದನ್ನು ಸರ್ಕಾರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬ್ಯಾಂಕು ಅರೆಮನಸ್ಸಿನಿಂದ ಹಿಡಿಯುತ್ತದೆ, ಕನ್ನಡಿಗರಾದ ನಾವಂತೂ ಮರೆತೇಬಿಟ್ಟಿದ್ದೇವೆ. ಒಂದು ಕಾಲಕ್ಕೆ ಇದನ್ನು ನಮ್ಮಷ್ಟು ಚೆನ್ನಾಗಿ ಅರಿತವರು ಬೇರೆ ಇರಲಿಲ್ಲ ಎಂಬುದೇ ನನ್ನ ಸಂಕಟ.

ನಾನು ಗದಗ ಜಿಲ್ಲೆಯ ರೋಣದ ಕಡೆಯವನು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತನಾಗಿ, ಈಗ ಲೋಧಿ ಕಾಲೋನಿಯಲ್ಲಿ, ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಮಗಳ ಕ್ವಾರ್ಟರ್ಸಿನಲ್ಲಿದ್ದೇನೆ. ಬ್ರಿಟಿಷರು ಹೊರಡುವ ಮುಂಚೆ, 1940ರ ದಶಕದಲ್ಲಿ ಸರ್ಕಾರಿ ನೌಕರರಿಗೆಂದು ಕಟ್ಟಿಸಿದ ಕಮಾನುಗಳ ಮನೆಗಳಿವು. ಈಚಿನ ವರ್ಷಗಳಲ್ಲಿ ಗೋಡೆಗಳ ಮೇಲೆಲ್ಲ ದೊಡ್ಡ ದೊಡ್ಡ ಚಿತ್ರ ಬರೆಸಿದ್ದಾರಾಗಿ ಬೆಳಗಾದರೆ ಫೋಟೋ ತೆಗೆಸಿಕೊಳ್ಳುವವರ ಗದ್ದಲ ಬೇರೆ. ಲೋಧಿ ರಸ್ತೆಯ ದಯಾಳ್ ಸಿಂಗ್ ಕಾಲೇಜು ಇಲ್ಲಿಂದ ನಡೆದು ಹೋಗುವಷ್ಟು ದೂರ, ಲೋಧಿ ಎಸ್ಟೇಟಿನ ಕನ್ನಡ ಶಾಲೆ ಮಗ್ಗುಲಲ್ಲೇ. ಹೀಗಾಗಿ ನಮ್ಮೂರಿನವರ ಪಾಲಿಗೆ ದೆಹಲಿ ಎಂದರೆ ನನ್ನ ಫೋನ್ ನಂಬರು.

2022ಕ್ಕೆ ಮೊದಲು ಈ ಫೋನು ಇಷ್ಟು ಬಡಿದುಕೊಳ್ಳುತ್ತಿರಲಿಲ್ಲ. ಆಗ ಹನ್ನೆರಡನೇ ತರಗತಿಯ ಅಂಕದ ಮೇಲೆ ಸೀಟು. ಹೆಸರಾಂತ ಕಾಲೇಜುಗಳ ಕಟ್ ಆಫ್ ನೂರರ ಹತ್ತಿರ ಹೋಗುತ್ತಿತ್ತು. ಆ ವರ್ಷ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಒಂದೇ ಪರೀಕ್ಷೆ ಬಂತು. ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅದರಲ್ಲೊಂದು. ರೋಣ, ಮುಂಡರಗಿಯ ಮಕ್ಕಳಿಗೂ ಬಾಗಿಲು ತೆರೆಯಿತು ಅನ್ನೋಣ. ಒಳಗೆ ಬಂದ ಮೇಲೆ ಮಲಗುವುದೆಲ್ಲಿ ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

2024ರಲ್ಲಿ ನನ್ನ ಹಳೆಯ ಗೆಳೆಯನ ಮಗಳಿಗೆ ಇಲ್ಲಿ ಬಿ.ಕಾಂ. ಸೀಟು ಸಿಕ್ಕಿತು. ಗೆಳೆಯನದು ಆರೆಕರೆ ಎರೆ ಹೊಲ, ಕಡಲೆ, ಜೋಳ. ಮಳೆ ಬಂದರೆ ಬಂತು, ಹೋದರೆ ಹೋಯಿತು. “ಕಾಕಾ, ಫೀ ತುಂಬೀನ್ರಿ, ರಸೀದಿನೂ ಬಂತ್ರಿ” ಎಂದು ಹುಡುಗಿ ಊರಿನಿಂದಲೇ ಫೋನು ಮಾಡಿದಳು. (ನಮ್ಮ ಕಡೆ ಫೀ ತುಂಬುತ್ತೇವೆ, ಮೈಸೂರು ಕಡೆಯವರು ಕಟ್ಟುತ್ತಾರೆ. ಜೇಬು ಖಾಲಿಯಾಗುವುದು ಎರಡೂ ಕಡೆ ಒಂದೇ ತೆರ.) ಹದಿನಾರು ಸಾವಿರ ರೂಪಾಯಿ, ಹತ್ತು ನಿಮಿಷದ ಕೆಲಸ. ಶಿಕ್ಷಣ ಸಂಸ್ಥೆಗಳಿಗೆ ಯುಪಿಐ ಮೂಲಕ ಕಟ್ಟುವ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತ್ತು. 1981ರಲ್ಲಿ ಧಾರವಾಡದಲ್ಲಿ ಎಂ.ಕಾಂ. ಸೇರುವಾಗ ನಾನು ಚಲನ್ ಹಿಡಿದುಕೊಂಡು ಕೌಂಟರಿನ ಮುಂದೆ ಅರ್ಧ ದಿನ ನಿಂತಿದ್ದೆ. ಕಾಲೇಜಿನ ಫೀಸು ಕಟ್ಟುವುದು ಅಷ್ಟರ ಮಟ್ಟಿಗೆ ಸುಧಾರಿಸಿದೆ, ಒಪ್ಪಿಕೊಳ್ಳಬೇಕು.

ಆಮೇಲೆ ಶುರುವಾಯಿತು ನೋಡಿ. ಅವಳ ಕಾಲೇಜಿಗೆ ಹಾಸ್ಟೆಲ್ ಇಲ್ಲ. ವಿಶ್ವವಿದ್ಯಾಲಯದ ತೊಂಬತ್ತರಷ್ಟು ಕಾಲೇಜುಗಳಲ್ಲಿ ಹಾಸ್ಟೆಲ್ ಇರುವುದೇ ಇಪ್ಪತ್ತರ ಆಸುಪಾಸಿಗೆ. ಪದವಿ ಸೀಟುಗಳೋ ವರ್ಷಕ್ಕೆ ಸುಮಾರು 70 ಸಾವಿರ. ಉಳಿದವರೆಲ್ಲ ಪಿ.ಜಿ. ಹುಡುಕಬೇಕು. ಅಮರ್ ಕಾಲೋನಿ, ಕೋಟ್ಲಾ ಎಂದು ಮೂರು ದಿನ ನಾನೂ ಅವಳ ಅಪ್ಪನೂ ತಿರುಗಿದೆವು. ಪ್ರಾಪರ್ಟಿ ಡೀಲರ್‌ಗೆ ಅರ್ಧ ತಿಂಗಳ ಬಾಡಿಗೆ. ಮೂವರಿಗೊಂದು ಕೋಣೆ, ಎರಡು ಹೊತ್ತಿನ ಊಟ, ತಿಂಗಳಿಗೆ 14,000 ರೂಪಾಯಿ. ಒಂದು ತಿಂಗಳಿನದು ಮುಂಗಡ. ಕರೆಂಟು ಬೇರೆ. ಹನ್ನೊಂದು ತಿಂಗಳು ಬಿಡುವಂತಿಲ್ಲ. ರಜೆಗೆ ಊರಿಗೆ ಹೋದರೂ ಬಾಡಿಗೆ ಓಡುತ್ತಲೇ ಇರುತ್ತದೆ. ನನ್ನ ಗೆಳೆಯ ಒಳ ಅಂಗಿಯ ಜೇಬಿನಿಂದ ನೋಟು ತೆಗೆದು ಎಣಿಸಿ ಕೊಟ್ಟ. ರಸೀದಿ ಕೊಡಿ ಎಂದೆ. “ರಸೀದ್ ಕಾ ಕ್ಯಾ ಕರೋಗೇ, ಅಂಕಲ್‌ಜೀ?” ಎಂದು ಮಾಲೀಕ ನಕ್ಕ. ರಸೀದಿ ತೊಗೊಂಡು ಏನು ಮಾಡ್ತೀರಿ ಅಂತ. ಮೂವತ್ತಾರು ವರ್ಷ ವೋಚರು ನೋಡಿ ಬದುಕಿದವನಿಗೆ ಕೇಳುವ ಮಾತೆ ಅದು!

ಲೆಕ್ಕ ಹಾಕೋಣ. ಮೂರು ವರ್ಷದ ಕಾಲೇಜು ಫೀಸು 48,000. ವರ್ಷಕ್ಕೆ ಹನ್ನೊಂದೇ ತಿಂಗಳು ಹಿಡಿದರೂ ಹಾಸಿಗೆ ಮತ್ತು ಊಟಕ್ಕೆ 4,62,000. ಒಟ್ಟು 5,10,000. ಅಪ್ಪ ಕೊಡುವ ನೂರು ರೂಪಾಯಿಯಲ್ಲಿ ತೊಂಬತ್ತು ಪಿ.ಜಿ.ಯವನಿಗೆ, ಹತ್ತಕ್ಕೂ ಕಡಿಮೆ ಕಾಲೇಜಿಗೆ. ಇದರಲ್ಲಿ ಯಾವುದು ಫೀಸು, ಯಾವುದು ಇತರೆ ಖರ್ಚು, ನೀವೇ ಹೇಳಿ.

ಈ ಲೆಕ್ಕ ಬಾರದವರೇ 2019ರಲ್ಲಿ ಜೆಎನ್‌ಯು ಹುಡುಗರನ್ನು ಕಂಡು ನಕ್ಕದ್ದು. ಆ ಅಕ್ಟೋಬರ್‌ನಲ್ಲಿ ಹಾಸ್ಟೆಲ್ಲಿನ ಹೊಸ ನಿಯಮಾವಳಿ ಬಂತು. ಇಬ್ಬರ ಕೋಣೆಯ ಬಾಡಿಗೆ ತಿಂಗಳಿಗೆ 10 ರೂಪಾಯಿಯಿಂದ 300ಕ್ಕೆ, ಒಬ್ಬರ ಕೋಣೆಯದು 20ರಿಂದ 600ಕ್ಕೆ. ಅದರ ಮೇಲೆ 1,700 ರೂಪಾಯಿ ಸೇವಾ ಶುಲ್ಕ ಹೊಸದು. ನವೆಂಬರ್ 11ರಂದು, ಘಟಿಕೋತ್ಸವದ ದಿನ, ವಿದ್ಯಾರ್ಥಿಗಳು ಬೀದಿಗಿಳಿದರು. “ಹತ್ತು ರೂಪಾಯಿಗೆ ಕೋಣೆ, ನಮ್ಮ ತೆರಿಗೆ ದುಡ್ಡಲ್ಲಿ!” ಎಂದು ನಮ್ಮವರು ಹಾಸ್ಯ ಮಾಡಿದರು. ಹತ್ತು ರೂಪಾಯಿ ಎಲ್ಲರಿಗೂ ಕಂಡಿತು, ಸಾವಿರದ ಏಳುನೂರು ಯಾರಿಗೂ ಕಾಣಲಿಲ್ಲ. ಆ ವಿಶ್ವವಿದ್ಯಾಲಯದ 2017-18ರ ವಾರ್ಷಿಕ ವರದಿಯಂತೆ, ಆ ವರ್ಷ ಸೇರಿದವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿಯ ಮನೆಯ ಆದಾಯ ತಿಂಗಳಿಗೆ 12,000ಕ್ಕಿಂತ ಕಡಿಮೆ. ಅಲ್ಲಿನ ರಾಜಕೀಯ ನನಗೆ ಬೇಡ, ಅವರ ಘೋಷಣೆಗಳೆಲ್ಲ ನನಗೆ ಹಿಡಿಸುವುದೂ ಇಲ್ಲ. ಆದರೆ ಹಾಸ್ಟೆಲ್ ಶುಲ್ಕ ಏರಿದರೆ ಬಡವನ ಮಗ ಮನೆಗೆ ಹೋಗುತ್ತಾನೆ ಎಂಬುದು ರಾಜಕೀಯವಲ್ಲ, ಕೂಡು ಕಳೆಯುವ ಲೆಕ್ಕ.

ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ವಾರಾನ್ನ ಎಂಬ ಪದ ಬೇರೆ ಯಾರಿಗೆ ಅರ್ಥವಾದೀತು! ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರು ಕಲೆಕ್ಟರುಗಳಾದರು, ಪ್ರೊಫೆಸರುಗಳಾದರು. ಅದರಲ್ಲಿ ಜಾತಿಯ ಎಣಿಕೆ ಇತ್ತು, ಎಲ್ಲರಿಗೂ ಎಲೆ ಹಾಕುತ್ತಿರಲಿಲ್ಲ. ಅದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆದರೆ ಮಠಗಳ ಪ್ರಸಾದ ನಿಲಯಗಳು ಬಂದವು. ತುಮಕೂರಿನ ಸಿದ್ಧಗಂಗೆ ಇದೆ. ಬೆಂಗಳೂರು ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರು ವಿದ್ಯಾರ್ಥಿಗಳಿಗೂ ನಿಲಯ ಮಾಡಿಕೊಟ್ಟರು. ಕುವೆಂಪು ಅವರಿಗೆ ಮೈಸೂರಿನಲ್ಲಿ ನೆಲೆ ಕೊಟ್ಟದ್ದು ರಾಮಕೃಷ್ಣಾಶ್ರಮ. ಅಷ್ಟು ದೂರ ಯಾಕೆ, ನಾನೇ ಬಿ.ಕಾಂ. ಮುಗಿಸಿದ್ದು ಧಾರವಾಡದ ಮುರುಘಾಮಠದ ಪ್ರಸಾದ ನಿಲಯದ ರೊಟ್ಟಿ ತಿಂದು. ಆಮೇಲೆ ಸರ್ಕಾರ ಹಿಂದುಳಿದವರಿಗೆ, ಪರಿಶಿಷ್ಟರಿಗೆ ಹಾಸ್ಟೆಲ್ ತೆರೆಯಿತು. 2013-14ರಲ್ಲಿ ವಿದ್ಯಾಸಿರಿ ಶುರುವಾದಾಗ ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆಂದೇ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟಿತು. ಫೀಸು ಮಾಫಿ ಮಾಡುವುದು ಸುಲಭ, ಮಗುವಿಗೆ ಅನ್ನ ಚಾಪೆ ಕೊಡುವುದೇ ನಿಜವಾದ ವಿದ್ಯಾದಾನ ಎಂದು ತಿಳಿದಿದ್ದ ನಾಡು ನಮ್ಮದು. ಆ ತಿಳಿವಳಿಕೆ ರಾಜ್ಯದ ಗಡಿಯಲ್ಲಿ ಯಾಕೆ ನಿಂತುಹೋಗಬೇಕು?

ಈಗ ಸಾಲದ ಕಥೆಗೆ ಬರುತ್ತೇನೆ, ಅದು ನನ್ನ ಹೊಲ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2015ರ ಖಾತರಿ ನಿಧಿ ಬಂದ ಮೇಲೆ ಏಳೂವರೆ ಲಕ್ಷದವರೆಗೂ ಹಾಗೆ ಕೊಡಬಹುದು. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ 860 ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಇನ್ನೂ ಉದಾರ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಹಾಸ್ಟೆಲ್ ಶುಲ್ಕಕ್ಕೆ ಸಾಲವಿದೆ. ಹೊರಗೆ ಕೋಣೆ ಮಾಡಿದರೆ ಅದರ ನ್ಯಾಯವಾದ ಖರ್ಚಿಗೂ ಅವಕಾಶವಿದೆ. ನಾನು ಮ್ಯಾನೇಜರ್ ಆಗಿದ್ದಾಗ ಅದನ್ನು ಸೇರಿಸಿಯೇ ಮಂಜೂರು ಮಾಡುತ್ತಿದ್ದೆ, ಇನ್‌ಸ್ಪೆಕ್ಷನ್‌ನವರು ಹುಬ್ಬೇರಿಸಿದರೆ ಸುತ್ತೋಲೆ ತೆಗೆದು ಮುಂದಿಡುತ್ತಿದ್ದೆ. ಆದರೆ ಗೆಳೆಯನ ಮಗಳ ವಿಷಯದಲ್ಲಿ ಆ ಕಡೆಯ ಶಾಖೆಯೊಂದರ ತರುಣ ಮ್ಯಾನೇಜರು ಕೇಳಿದ್ದೇನು? ಕೋಣೆಯ ರಸೀದಿ. ಬ್ಯಾಂಕಿಗೆ ರಸೀದಿ ಇಲ್ಲದೆ ನಡೆಯದು, ಮಾಲೀಕನಿಗೆ ರಸೀದಿ ಕೊಟ್ಟರೆ ಆದಾಯ ತೋರಿಸಬೇಕು. ಇಬ್ಬರ ನಡುವೆ ಹುಡುಗಿ. ಕೊನೆಗೆ 48,000ಕ್ಕಷ್ಟೇ ಸಾಲ ಮಂಜೂರಾಯಿತು. ಹತ್ತು ರೂಪಾಯಿಗೆ ಬ್ಯಾಂಕು, ತೊಂಬತ್ತಕ್ಕೆ ಕಡಲೆ ಹೊಲ!

ಕಾನೂನಿನಲ್ಲಾದರೂ ರಕ್ಷಣೆ ಇದೆಯೇ ಎಂದರೆ, 1958ರ ದೆಹಲಿ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಬಾಡಿಗೆ ಪಡೆದವನು ಸಹಿ ಹಾಕಿದ ರಸೀದಿ ಕೊಡಬೇಕೆಂದು ಚೊಕ್ಕವಾಗಿ ಬರೆದಿದೆ. ಆದರೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯಿದೆಯೇ ಅನ್ವಯಿಸದು. ತೆರಿಗೆಯವರು ಮಾತ್ರ ಈ ಕೋಣೆಗಳನ್ನು ಬೇಗ ಪತ್ತೆ ಮಾಡಿದರು. 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವೇ ಪಿ.ಜಿ. ಶುಲ್ಕಕ್ಕೆ ಶೇಕಡ 12 ಜಿಎಸ್‌ಟಿ ಎಂದಿತು. 2024ರ ಜೂನ್ 22ರಂದು ಜಿಎಸ್‌ಟಿ ಮಂಡಳಿ ತಿಂಗಳಿಗೆ 20,000 ರೂಪಾಯಿವರೆಗಿನ, 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ ವಿನಾಯಿತಿ ಕೊಡೋಣ ಎಂದ ಮೇಲೆ ಉಸಿರು ಬಂತು.

“ಅಷ್ಟು ಕಷ್ಟಪಟ್ಟು ದೆಹಲಿಗೇ ಯಾಕೆ ಹೋಗಬೇಕು, ಇಲ್ಲಿ ಕಾಲೇಜಿಲ್ಲವೆ?” ಎಂದು ನೀವು ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಬ್ಯಾಂಕಿನಲ್ಲಿ ಕನ್ನಡಿಗರಿಲ್ಲ, ಕೇಂದ್ರದ ಕಚೇರಿಗಳಲ್ಲಿ ಕನ್ನಡಿಗರಿಲ್ಲ, ದೆಹಲಿಯಲ್ಲಿ ನಮ್ಮ ದನಿ ಕೇಳುವುದಿಲ್ಲ ಎಂದು ಪತ್ರಿಕೆಗೆ ಕಾಗದ ಬರೆಯುವವರೂ ನೀವೇ ಅಲ್ಲವೆ? ಹದಿನೆಂಟನೇ ವಯಸ್ಸಿಗೆ ಇಲ್ಲಿಗೆ ಬಂದು, ಇಲ್ಲಿಯ ಭಾಷೆ, ಇಲ್ಲಿಯ ಚಳಿ, ಇಲ್ಲಿಯ ಗತ್ತು ಎಲ್ಲವನ್ನೂ ಅರಗಿಸಿಕೊಂಡವರೇ ನಾಳೆ ಆ ಕುರ್ಚಿಗಳಲ್ಲಿ ಕೂರುವುದು. ಬಿಹಾರದವರು ಮಕ್ಕಳನ್ನು ಹೊಲ ಮಾರಿಯಾದರೂ ಕಳಿಸುತ್ತಾರೆ. ಈಶಾನ್ಯ ರಾಜ್ಯಗಳ ಹುಡುಗಿಯರಿಗೆಂದೇ ದೆಹಲಿ ವಿಶ್ವವಿದ್ಯಾಲಯದಲ್ಲಿ ಒಂದು ನಿಲಯವಿದೆ. ಜೆಎನ್‌ಯುನಲ್ಲಿ ಆ ರಾಜ್ಯಗಳವರಿಗೆ ಹೆಚ್ಚು ಪಾಲು ಮೀಸಲಿಟ್ಟು ಕಟ್ಟಿದ ಬರಾಕ್ ಹಾಸ್ಟೆಲ್ ಇದೆ. ಕೇಳಿದರು, ಪಡೆದರು.

ನಾವೇನು ಕೇಳಿದೆವು? ದೆಹಲಿಯಲ್ಲಿ ನಮ್ಮ ರಾಜ್ಯಕ್ಕೆ ಮೂರು ಕರ್ನಾಟಕ ಭವನಗಳಿವೆ. ಚಾಣಕ್ಯಪುರಿಯದನ್ನು ಕೆಡವಿ, ನೂರು ಕೋಟಿಗೂ ಮಿಕ್ಕಿ ಖರ್ಚು ಮಾಡಿ, “ಕಾವೇರಿ” ಎಂದು ಹೆಸರಿಟ್ಟು 2025ರ ಏಪ್ರಿಲ್‌ನಲ್ಲಿ ಉದ್ಘಾಟಿಸಿದರು. ಮಂತ್ರಿಗಳು, ಶಾಸಕರು, ಅಧಿಕಾರಿಗಳು ಚೆನ್ನಾಗಿ ಇಳಿದುಕೊಳ್ಳಲಿ, ಬೇಡ ಎನ್ನುವುದಿಲ್ಲ. ದೆಹಲಿ ಕರ್ನಾಟಕ ಸಂಘದ ಅಮೃತ ಮಹೋತ್ಸವ 2023ರ ಫೆಬ್ರುವರಿಯಲ್ಲಿ ತಾಲ್ಕಟೋರಾ ಕ್ರೀಡಾಂಗಣದಲ್ಲಿ ನಡೆಯಿತು, ಪ್ರಧಾನಿಯೇ ಬಂದರು. ಡೊಳ್ಳು, ಕಂಸಾಳೆ ಎಲ್ಲ ನಮಗೂ ಬೇಕು. ಆ ಖರ್ಚಿನ ಒಂದು ಪಾಲಿನಲ್ಲಿ ನೂರು ಹಾಸಿಗೆಯ ಒಂದು ವಿದ್ಯಾರ್ಥಿನಿಲಯ ಮಾಡಿ ಎಂದು ನಾವು ಕನ್ನಡಿಗರು ಗಟ್ಟಿ ದನಿಯಲ್ಲಿ ಕೇಳುವುದು ಯಾವಾಗ? ಪುಕ್ಕಟೆ ಬೇಡ. ತಿಂಗಳಿಗೆ ನಾಲ್ಕು ಸಾವಿರ ಇಸಿದುಕೊಳ್ಳಿ, ರಸೀದಿ ಕೊಡಿ. ಅದು ಆಗುವವರೆಗೆ ವಿದ್ಯಾಸಿರಿಯ ಹಣ ಹೊರ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ಸೀಟು ಪಡೆದವರಿಗೂ ಸಲ್ಲಲಿ.

ಇನ್ನು ಬೆಂಗಳೂರಿನವರು ದೆಹಲಿಯ ಮಾಲೀಕರನ್ನು ಬಯ್ಯುವ ಮುಂಚೆ ತಮ್ಮ ಬೀದಿಯ ಪಿ.ಜಿ. ಬೋರ್ಡುಗಳನ್ನೂ ಓದಲಿ. ರಾಯಚೂರಿನ ಹುಡುಗನಿಂದ, ಕಾಸರಗೋಡಿನ ಹುಡುಗಿಯಿಂದ ಮುಂಗಡ ಪಡೆದು, ಬಿಡುವಾಗ ಸುಣ್ಣ ಬಣ್ಣಕ್ಕೆಂದು ಅರ್ಧ ಮುರಿದುಕೊಳ್ಳುವವರು ಪಂಜಾಬಿನಿಂದ ಬಂದವರಲ್ಲ.

ದೆಹಲಿಯಲ್ಲಿ ಪದವಿ ಈಗ ಬೇಕೆಂದರೆ ನಾಲ್ಕು ವರ್ಷ. ಮೂರಕ್ಕೆ ಬಿಟ್ಟರೂ ಡಿಗ್ರಿ ಸಿಗುತ್ತದೆ, ನಾಲ್ಕನೆಯದು ಮಾಡಿದರೆ ಮುಂದಿನ ಓದಿಗೆ ಅನುಕೂಲ. ಹುಡುಗಿಗೆ ನಾಲ್ಕನೆಯದನ್ನೂ ಮಾಡುವ ಆಸೆ. ಮೊನ್ನೆ ಗೆಳೆಯ ಫೋನು ಮಾಡಿ ಕೇಳಿದ:

“ಆ ಇನ್ನೊಂದ್ ವರ್ಷಕ್ಕ ಎಷ್ಟ್ ಬರ್ತೈತೋ?”

“ಫೀ ಏನೋ ಒಂದ್ ಹದಿನಾರು ಹದಿನೆಂಟು ಸಾವಿರ ಆಗಬಹುದು” ಎಂದೆ.

“ಏ, ಅದಲ್ಲೋ ಮಾರಾಯ. ಖೋಲಿದು ಕೇಳಾಕತ್ತೀನಿ.”