ಶಾಸನಗಳ ನಗರದಲ್ಲಿ ಜಿಯೋಕ್ಯಾಚಿಂಗ್: ಅಗೆಯದೆ ಹುಡುಕುವ ಒಂದು ದಿನ

ಅಕ್ಷಾಂಶ-ರೇಖಾಂಶಗಳ ನೆರವಿನಿಂದ ಮರೆಯಲ್ಲಿರಿಸಿದ ಡಬ್ಬಿಯನ್ನು ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇರಿಸಿ ಬರುವ ಆಟಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. ಇದರ ಹುಟ್ಟಿನ ದಿನವನ್ನು ಖಚಿತವಾಗಿ ಹೇಳಬಹುದು. ಜಿಪಿಎಸ್ ಸಂಕೇತಗಳಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ಅಮೆರಿಕದ ಸರ್ಕಾರವು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಸ್ಥಾನವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದನು. ಆದರೆ ಆಟದ ಬೇರು ಇನ್ನೂ ಹಿಂದಿನದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಕ್ರಾನ್ಮಿಯರ್ ಪೂಲ್ ಎಂಬಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿಯೇ ಒಂದು ಬಾಟಲಿಯನ್ನು ಇರಿಸಿದ್ದನು. ಅಲ್ಲಿಯವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಬಿಟ್ಟುಹೋಗುತ್ತಿದ್ದರು.

ಈ ಆಟವನ್ನು ಬೆಂಗಳೂರಿನಂತಹ ನಗರದಲ್ಲಿ ಗುಂಪಾಗಿ ಒಂದು ದಿನ ನಡೆಸುವುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಬಹು ಉಪಯುಕ್ತ. ತರಗತಿಯಲ್ಲಿ ಶಾಸನವೆಂದರೆ ಪಠ್ಯ ಮಾತ್ರ. ಅದು ಕಲ್ಲೆಂಬುದೂ, ಒಂದು ಊರಿನಲ್ಲಿ ನಿಂತಿರುವುದೆಂಬುದೂ ಮರೆತುಹೋಗಿರುತ್ತದೆ. ಆದರೆ ಒಂದು ಷರತ್ತು ಅನಿವಾರ್ಯ. ಶಾಸನವಿರುವ ಯಾವ ತಾಣದಲ್ಲಿಯೂ ಡಬ್ಬಿಯನ್ನು ಇರಿಸಕೂಡದು, ‘ನಿಧಿಶೋಧ’ ಎಂಬ ಹೆಸರನ್ನು ಈ ಕಾರ್ಯಕ್ರಮಕ್ಕೆ ಕೊಡಲೂಕೂಡದು. ಇಲ್ಲಿ ಕಲ್ಲೇ ಡಬ್ಬಿ, ಅದರ ಮೇಲಿನ ಬರಹವೇ ಒಳಗಿನ ವಸ್ತು.

ಷರತ್ತಿಗೆ ಕಾರಣ ಸ್ಪಷ್ಟ. ಪಾಶ್ಚಾತ್ಯ ದೇಶಗಳಲ್ಲಿ ನಿಧಿ ಎಂಬುದು ಮಕ್ಕಳ ಕತೆಯ ಮಾತಾಗಿರಬಹುದು. ಕರ್ನಾಟಕದಲ್ಲಿ ಅದು ಹಾರೆ ಗುದ್ದಲಿಗಳ ಮಾತು. ಓದಲಾಗದ ಹಳೆಯ ಲಿಪಿಯು ಹೂತಿಟ್ಟ ಹೊನ್ನಿನ ಗುರುತೆಂಬ ನಂಬಿಕೆ ಇಂದಿಗೂ ಅಳಿದಿಲ್ಲ. ಆ ನಂಬಿಕೆಯಿಂದಲೇ ವೀರಗಲ್ಲುಗಳು ಬುಡಮೇಲಾಗಿವೆ, ಪಾಳುಗುಡಿಗಳ ಪೀಠಗಳು ಕದಲಿವೆ, ಶಾಸನಶಿಲೆಗಳು ಹೋಳಾಗಿವೆ. ನಿಧಿಗಳ್ಳರು ಒಡೆದ ಕಲ್ಲಿನಲ್ಲಿ ಹೊನ್ನು ಸಿಕ್ಕುವುದಿಲ್ಲ. ನಾಶವಾಗುವುದು ಕನ್ನಡದ ಒಂದು ವಾಕ್ಯ. ಇಂತಹ ನೆಲದಲ್ಲಿ ಹತ್ತಾರು ತರುಣರು ಕೈಯಲ್ಲಿ ಮೊಬೈಲ್ ಹಿಡಿದು ವೀರಗಲ್ಲಿನ ಸುತ್ತ ಏನನ್ನೋ ತಡಕಾಡುತ್ತಿರುವುದನ್ನು ನೋಡಿದ ನೆರೆಯವರು ಏನೆಂದು ತಿಳಿಯುವರು? ಹಗಲು ಆಡಿದ ಆಟವು ರಾತ್ರಿ ಬರುವವನಿಗೆ ಸುಳಿವಾಗಬಾರದು.

ಆಟದ ನಿಯಮಗಳೇ ಈ ಎಚ್ಚರಕ್ಕೆ ಒಪ್ಪುತ್ತವೆ ಎಂಬುದು ಗಮನಾರ್ಹ. ಮೊದಲ ಬಕೆಟ್ಟು ಅರ್ಧ ಹೂತದ್ದಾದರೂ, ಮುಂದೆ ರೂಪುಗೊಂಡ ನಿಯಮವು ನೆಲವನ್ನು ಅಗೆಯುವುದನ್ನು ನಿಷೇಧಿಸಿದೆ. ಸ್ಥಳದ ಒಡೆಯರ ಅನುಮತಿಯನ್ನೂ ಕಡ್ಡಾಯಗೊಳಿಸಿದೆ. ಡಬ್ಬಿಯೇ ಇಲ್ಲದ ‘ವರ್ಚುವಲ್’ ಬಗೆಯೊಂದೂ ಉಂಟು. ಅದರಲ್ಲಿ ತಾಣವನ್ನು ತಲುಪಿದವರು ಅಲ್ಲಿಯೇ ನಿಂತು ನೋಡಿದರೆ ಮಾತ್ರ ಉತ್ತರಿಸಬಹುದಾದ ಪ್ರಶ್ನೆಗೆ ಉತ್ತರ ಕೊಡಬೇಕು. ಶಾಸನಕ್ಕೆ ಹೊಂದುವುದು ಈ ಬಗೆಯೊಂದೇ.

ಒಂದು ದಿನಕ್ಕೆ ಮೂರು ತಾಣಗಳು ಸಾಕು. ಉತ್ತರದ ಹೆಬ್ಬಾಳದಿಂದ ತೊಡಗಿ, ನಡುವಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿ, ದಕ್ಷಿಣದ ಬೇಗೂರಿನಲ್ಲಿ ಮುಗಿಸುವ ದಾರಿಯು ನಗರವನ್ನು ಒಂದೇ ಗೆರೆಯಲ್ಲಿ ಸೀಳಿ ತೋರಿಸುತ್ತದೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಕ್ರಿ.ಶ. ಸುಮಾರು 750ರ ಕಾಲದ್ದು, ಗಂಗ ದೊರೆ ಶ್ರೀಪುರುಷನ ಆಳ್ವಿಕೆಯದು. ಇದು 2018ರಲ್ಲಿ ಚರಂಡಿಯ ಕಾಮಗಾರಿಗಾಗಿ ನೆಲ ಅಗೆದಾಗ ಬೆಳಕಿಗೆ ಬಂದಿತು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ ಇದು ಇಲ್ಲದಿರುವುದೇ ವಿದ್ಯಾರ್ಥಿಗೆ ಒಂದು ಪಾಠ: ಮುದ್ರಿತ ಸಂಪುಟವು ಶಾಸನಲೋಕದ ಕೊನೆಯಲ್ಲ.

ವಸ್ತುಸಂಗ್ರಹಾಲಯದಲ್ಲಿರುವ ನಾಗತ್ತರನ ವೀರಗಲ್ಲು ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಎರೆಯಪ್ಪನ ಕಾಲದಲ್ಲಿ ತುಂಬೆಪಾಡಿಯ ಕಾಳಗದಲ್ಲಿ ಮಡಿದ ವೀರನ ಕಲ್ಲು ಅದು. ಬೇಗೂರಿನಿಂದ ಅಲ್ಲಿಗೆ ಬಂದದ್ದು. ಹಾಗಾದರೆ ಈ ಶಾಸನದ ಸ್ಥಾನ ಯಾವುದು? ವೀರನು ಬಿದ್ದ ನೆಲವೊಂದು, ಕಲ್ಲು ನಿಂತಿದ್ದ ಊರೊಂದು, ಈಗ ಕಾಣಸಿಗುವ ಕೋಣೆಯೊಂದು. ಮೊಬೈಲು ತೋರಿಸುವುದು ಕೊನೆಯದನ್ನು ಮಾತ್ರ. ಉಳಿದೆರಡನ್ನು ತೋರಿಸಬೇಕಾದುದು ಓದು.

ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಕ್ರಿ.ಶ. ಸುಮಾರು 890ರ ಶಾಸನವು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟುದರಿಂದ ಊರಿಗೆ ಆ ಹೆಸರು ಬಂತೆಂಬ ಐತಿಹ್ಯವು ಜನಪ್ರಿಯವಾದರೂ, ಆ ದೊರೆಗಿಂತ ಮೂರು ಶತಮಾನಗಳಷ್ಟು ಹಿಂದೆಯೇ ಹೆಸರು ಬಳಕೆಯಲ್ಲಿತ್ತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಪುಸ್ತಕದಲ್ಲಿ ಓದಿದ ಈ ಸಂಗತಿಯನ್ನು ಅಕ್ಷರದೆದುರು ನಿಂತು ತಾನೇ ಬಿಡಿಸಿದ ವಿದ್ಯಾರ್ಥಿಯು ಮುಂದೆ ಯಾವ ಸ್ಥಳನಾಮ ಪುರಾಣವನ್ನೂ ಪರೀಕ್ಷಿಸದೆ ಒಪ್ಪಲಾರನು.

ಸಂಘಟನೆಯ ವಿವರಗಳೂ ಈ ಉದ್ದೇಶಕ್ಕೆ ತಕ್ಕಂತಿರಬೇಕು. ಇಪ್ಪತ್ತು ಜನರ ಗುಂಪನ್ನು ನಾಲ್ವರ ಐದು ತಂಡಗಳಾಗಿ ಒಡೆದು, ದಾರಿ ನೋಡುವವರು, ಓದುವವರು, ಬರೆದುಕೊಳ್ಳುವವರು, ಊರವರೊಡನೆ ಮಾತನಾಡುವವರು ಎಂದು ಕೆಲಸ ಹಂಚುವುದು ಲೇಸು. ನಾಲ್ಕನೆಯ ಕೆಲಸವು ಉಳಿದ ಮೂರಕ್ಕಿಂತ ಕಡಿಮೆಯದಲ್ಲ. ದೇವಾಲಯದ ಅರ್ಚಕರಿಗೂ ವಸ್ತುಸಂಗ್ರಹಾಲಯದವರಿಗೂ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣವನ್ನಾಗಲಿ ಹಿಟ್ಟನ್ನಾಗಲಿ ಬಳಿಯಬಾರದು. ಪಕ್ಕದಿಂದ ಓರೆಯಾಗಿ ಟಾರ್ಚಿನ ಬೆಳಕು ಹಾಯಿಸಿದರೆ ಸವೆದ ಅಕ್ಷರಗಳೂ ಮೇಲೇಳುತ್ತವೆ. ಗೆಲುವನ್ನು ಮೊದಲು ತಲುಪಿದ ತಂಡಕ್ಕೆ ಕೊಡಬಾರದು, ಹೆಚ್ಚು ಸಾಲುಗಳನ್ನು ಸರಿಯಾಗಿ ಓದಿದ ತಂಡಕ್ಕೆ ಕೊಡಬೇಕು. ವೇಗಕ್ಕೆ ಬಹುಮಾನವಿಟ್ಟರೆ ಓಟವು ಸಿಕ್ಕೀತು, ಓದು ಸಿಕ್ಕದು.

ಸ್ಥಾನಗಳನ್ನು ಬಹಿರಂಗಪಡಿಸುವುದೇ ಕಳ್ಳರಿಗೆ ನೆರವಾದೀತೆಂಬ ಆಕ್ಷೇಪವಿದೆ. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ನಗರದಲ್ಲಿ ಕಲ್ಲುಗಳ ಶತ್ರು ನಿಧಿಗಳ್ಳನೊಬ್ಬನೇ ಅಲ್ಲ. ರಸ್ತೆಯ ಅಗಲೀಕರಣ, ಚರಂಡಿ, ಹೊಸ ಮನೆಯ ಪಾಯ ಇವುಗಳಿಗೆ ಬಲಿಯಾಗುವುದು ಯಾರಿಗೂ ಗೊತ್ತಿಲ್ಲದ ಕಲ್ಲು. ಬೆಳಕಿಗೆ ಬಂದ ಹೆಬ್ಬಾಳದ ಕಲ್ಲಿಗೆ ನಾಗರಿಕರ ಆಸಕ್ತಿಯಿಂದ ಮಂಟಪವೊಂದು ಎದ್ದಿತು. ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವ ಮಿಥಿಕ್ ಸೊಸೈಟಿಯ ಕಾರ್ಯವೂ ಇದೇ ದಿಕ್ಕಿನದು. ಆದ್ದರಿಂದ ವಿವೇಚನೆ ಬೇಕಾದುದು ಎರಡು ಬಗೆಯ ತಾಣಗಳ ನಡುವೆ: ಗುಡಿಯ ಆವರಣದಲ್ಲಿ, ಮಂಟಪದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಕಾವಲುಳ್ಳ ಕಲ್ಲುಗಳನ್ನು ಎಲ್ಲರಿಗೂ ತೋರಿಸಬೇಕು, ಹೊಲದಲ್ಲಿ, ಕೆರೆಯ ಏರಿಯಲ್ಲಿ ಒಂಟಿಯಾಗಿ ನಿಂತವುಗಳ ಸ್ಥಾನವನ್ನು ಇಲಾಖೆಗೂ ವಿದ್ವಾಂಸರಿಗೂ ತಿಳಿಸಿ, ಅವುಗಳಿಗೆ ರಕ್ಷಣೆ ದೊರೆಯುವವರೆಗೆ ಆಟದ ನಕ್ಷೆಯಿಂದ ಹೊರಗಿಡಬೇಕು.

ಜಿಯೋಕ್ಯಾಚಿಂಗ್ ಡಬ್ಬಿಯೊಳಗೆ ಒಂದು ಚೀಟಿ ಇರುತ್ತದೆ: ಅಕಸ್ಮಾತ್ತಾಗಿ ಕಂಡವರು ಇದನ್ನು ಹಾಳುಮಾಡದೆ ಇದ್ದಲ್ಲಿಯೇ ಬಿಡಬೇಕೆಂಬ ವಿನಂತಿ. ದಾನಶಾಸನಗಳ ಕೊನೆಯ ಶಾಪಾಶಯವೂ ಸ್ವರೂಪದಲ್ಲಿ ಇಂತಹುದೇ. ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಬರೆಸಿದವನು, ಮುಂದೆ ಬರುವ ಅಪರಿಚಿತನನ್ನು ನೆನೆದೇ ಬರೆಸಿದನು. ಆದರೆ ಆ ಎಚ್ಚರಿಕೆ ಮುಟ್ಟಬೇಕಾದರೆ ಅದನ್ನು ಓದಬಲ್ಲವರಿರಬೇಕು. ಹಳಗನ್ನಡ ಲಿಪಿಯನ್ನು ಬಿಡಿಸಬಲ್ಲವರು ವಿರಳವಾಗುತ್ತಿರುವ ಈ ಕಾಲದಲ್ಲಿ, ಒಂದು ಭಾನುವಾರದ ತಿರುಗಾಟದಿಂದ ಇಬ್ಬರಾದರೂ ಲಿಪಿ ಕಲಿಯಲು ಮನಸ್ಸುಮಾಡಿದರೆ ಸಂಘಟಕರ ಶ್ರಮ ಸಾರ್ಥಕ.