ಬ್ಯಾಗು ತಡಕುವವರಿಗೆ ನಾಲ್ಕು ಮಾತು

2022ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗು ತಡಕಿದರು. ಮೊಬೈಲ್ ಹುಡುಕಲು ಹೋದವರಿಗೆ ಕಾಂಡೋಮ್, ಗರ್ಭ ತಡೆಯುವ ಗುಳಿಗೆ ಸಿಕ್ಕವು. ಕಾಲ ಕೆಟ್ಟಿತು ಅಂತ ದೊಡ್ಡವರು ಬಾಯಿ ಬಡಿದುಕೊಂಡರು. ಹಾಗಾದರೆ ಹೈಸ್ಕೂಲಿನಲ್ಲೇ ಇವನ್ನು ಕೊಡಬೇಕೆ, ಬೇಡವೆ? ನಾವು ಇದನ್ನು ಕೇರಿಯ ಹುಡುಗಿಯ ಕಡೆಯಿಂದ ನೋಡುತ್ತೇವೆ.

ಉಳ್ಳವರ ಮಗಳು ಬಸಿರಾದರೆ ಕಾರಿನಲ್ಲಿ ನರ್ಸಿಂಗ್ ಹೋಮಿಗೆ ಹೋಗಿಬಂದು ಸೋಮವಾರ ಕ್ಲಾಸಿನಲ್ಲಿರುತ್ತಾಳೆ. ಕೂಲಿಯವನ ಮಗಳಿಗೆ ಶಾಲೆ ಅಲ್ಲಿಗೇ ಮುಗೀತು. ಯಾವನಿಗೋ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಸಂಸ್ಕೃತಿ ಅನ್ನುವವರು ಇದಕ್ಕೆ ಏನಂತಾರೆ?

ಮಕ್ಕಳು ಕೆಡುತ್ತಾರೆ ಅಂತ 2007ರಲ್ಲಿ ಕರ್ನಾಟಕದಲ್ಲಿ ಲೈಂಗಿಕ ಶಿಕ್ಷಣವನ್ನೇ ತಡೆದರು. ಇದೇ ನೆಲದಲ್ಲಿ 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕಿಗೆ ಅಪ್ಪಣೆ ಕೊಟ್ಟಿತ್ತು. ಈ ಸೌಲಭ್ಯ ಜನಕ್ಕೆ ಸಿಗಲಿ ಅಂತ ಬಾಬಾಸಾಹೇಬರು ಸಿದ್ಧಪಡಿಸಿದ ನಿರ್ಣಯ 1938ರಲ್ಲಿ ಮುಂಬಯಿ ಶಾಸನಸಭೆಗೆ ಬಂತು. ಸಭೆ ಅದನ್ನು ಸೋಲಿಸಿತು. ಅದರ ಫಲ ಉಂಡವರು ಬಡ ತಾಯಂದಿರು.

ಆದರೂ ಹೆಡ್‌ಮಾಸ್ತರ ಬೀರುವಿನಿಂದ ಹಂಚಿ ಎನ್ನಲು ನಾವು ಒಪ್ಪೋದಿಲ್ಲ. ಒಂದು, ಶಾಲೆಯ ರಿಜಿಸ್ಟರಿನಲ್ಲಿ ನಮ್ಮ ಹುಡುಗಿಯ ಹೆಸರು ಬಿದ್ದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಜಾತಿ ಸೇರಿಸಿ ಬೈತಾರೆ. ಎರಡು, ಮೈಮುಟ್ಟಿದವನು ಜಮೀನ್ದಾರನೋ ಮೇಷ್ಟ್ರೋ ಆಗಿದ್ದರೆ ಗುಳಿಗೆ ಅವನ ಅಪರಾಧಕ್ಕೆ ಮುಚ್ಚಳವಾಗಬಾರದು.

ನಾವು ಕೇಳೋದು ಇಷ್ಟು. ಪಾಠ ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಹುಡುಗರಿಗೂ ಸೇರಿಸಿ. ಸಾಧನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನರ್ಸಮ್ಮನ ಕೈಯಿಂದ. ಯಾರು, ಏನು ಅಂತ ಆಕೆ ವಿಚಾರಿಸಲಿ. ಬಲವಂತವಿದ್ದರೆ ಕೇಸು; ಇಬ್ಬರೂ ಓದೋ ಮಕ್ಕಳಾದರೆ ಬುದ್ಧಿಮಾತು, ಸಾಧನ, ಗುಟ್ಟು. 2012ರ ಪೋಕ್ಸೋ ಕಾಯ್ದೆ ಇವೆರಡನ್ನೂ ಒಂದೇ ಮಾಡಿರೋದರಿಂದ ಪೊಲೀಸಿಗೆ ಹೆದರಿ ಹುಡುಗಿ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಪೋಷಕರೂ ಕೇಳಿಕೊಂಡರೆ ವೈದ್ಯರು ಅವಳ ಹೆಸರನ್ನು ಪೊಲೀಸರಿಗೆ ಕೊಡಬೇಕಿಲ್ಲ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಸಿರಾದ ಮೇಲೆ ಸಿಗುವ ಆ ಮರೆ ಮೊದಲೇ ಯಾಕೆ ಸಿಗಬಾರದು? ಕಾನೂನು ಅಷ್ಟಾದರೂ ತಿದ್ದುಪಡಿಯಾಗಲಿ.

ಗೆಳೆಯರೇ, ಮುಂದಿನ ಸಭೆಗೆ ತಾಯಂದಿರನ್ನೂ ಹಾಸ್ಟೆಲಿನ ಹೆಣ್ಣುಮಕ್ಕಳನ್ನೂ ಕರೆತನ್ನಿ. ಇದು ಗಂಡಸರಷ್ಟೇ ಕೂತು ತೀರ್ಮಾನಿಸುವ ಮಾತಲ್ಲ.