ಪ್ರಿಯಾಳನ್ನು ಕೇಳಿದವರು ಯಾರು?

ಒಂದು ಸಿನಿಮಾದ ಸಲುವಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಇಬ್ಬರು ಟೀಚರುಗಳು ಎರಡು ದಿನ ಮಾತು ಬಿಟ್ಟಿದ್ದರು ಎಂದರೆ ನೀವು ನಗಬಹುದು. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರ್‌ನಲ್ಲಿ ಬಂದಾಗ ಇಬ್ಬರೂ ಹರಿಹರದಿಂದ ಬಸ್ ಹತ್ತಿ ದಾವಣಗೆರೆಗೆ ಹೋಗಿ, ಒಟ್ಟಿಗೇ ಅತ್ತು ಬಂದವರು. ನವೆಂಬರ್ 17ಕ್ಕೆ ಎರಡನೆಯ ಭಾಗ ‘ಸೈಡ್ ಬಿ’ ಬಂತು ನೋಡಿ, ಜಗಳ ಹತ್ತಿಕೊಂಡಿತು.

“ಮೊದಲನೇದೇ ಸಾಕಿತ್ತು. ಅಂಥಾ ಒಳ್ಳೇ ಹುಡುಗನ್ನ ಹಿಂಗಾ ಕೆಡಿಸೋದು?” ಎಂದು ಒಬ್ಬರು.

“ಹತ್ತು ವರ್ಷ ಜೈಲಿನಾಗ ಇದ್ದೋನು ಹೆಂಗಿರ್ತಾನ್ರೀ ಮತ್ತೆ?” ಎಂದು ಇನ್ನೊಬ್ಬರು.

ಕತ್ತಲೆ ಹೆಚ್ಚಾಯಿತೆಂಬ ದೂರು ನನಗೆ ಒಪ್ಪಿಗೆಯಿಲ್ಲ. ಸ್ವಂತ ಮನೆಯ ಆಸೆಗೆ ಮಾಲೀಕರ ಮನೆಯವರ ತಪ್ಪನ್ನು ತಲೆಗೆ ಕಟ್ಟಿಕೊಂಡು ಜೈಲು ಸೇರಿದ ಮನು, ಹೋದ ಹಾಗೆಯೇ ಹೊರಬರಬೇಕಿತ್ತೇ? ನಮ್ಮ ತಾಯಂದಿರು 1971ರಲ್ಲೇ ‘ಶರಪಂಜರ’ವನ್ನು ಅರಗಿಸಿಕೊಂಡವರು. ತ್ರಿವೇಣಿಯವರ ಕಾವೇರಿಯನ್ನು ಪುಟ್ಟಣ್ಣ ಕಣಗಾಲರು ಮತ್ತೆ ಮಾನಸಿಕ ಆಸ್ಪತ್ರೆಗೇ ಕಳಿಸಿದರಲ್ಲ, ಅದಕ್ಕಿಂತ ಕತ್ತಲೆ ಬೇಕೆ? ಆದರೆ ಅದು ಕಾವೇರಿಯ ಕತ್ತಲೆ. ಅವಳೊಳಗೆ ಕೂತು ನಾವು ನೋಡಿದೆವು.

ನನ್ನ ತಕರಾರು ಅಲ್ಲಿಯೇ. ‘ಸೈಡ್ ಬಿ’ಯಲ್ಲಿ ಪ್ರಿಯಾ ಬೇರೆಯವನ ಹೆಂಡತಿ, ತಾಯಿ. ಸಂಸಾರ ಸೋತಿದೆ. ಅವಳ ಹಾಡು ಏನಾಯಿತು, ಗಂಡನೊಡನೆ ಹೇಗೆ ಬಾಳುತ್ತಾಳೆ, ಎಲ್ಲವೂ ನಮಗೆ ಸಿಗುವುದು ಮನು ದೂರದಿಂದ ಕದ್ದು ನೋಡಿದಷ್ಟೇ. ಅವಳಿಗೆ ತಿಳಿಯದಂತೆ ಅವಳ ಬದುಕನ್ನು ಸರಿಮಾಡಲು ಹೊರಡುತ್ತಾನೆ. ಸರಿಮಾಡು ಎಂದು ಅವಳು ಕೇಳಿದ್ದಳೇ? ಸುರಭಿಯದಂತೂ ಇನ್ನೂ ಪಾಪ. ಎದುರಿಗಿರುವ ಜೀವಂತ ಹೆಣ್ಣಿನಲ್ಲಿ ಆತ ಹುಡುಕುವುದು ಇನ್ನೊಬ್ಬಳನ್ನು. (ಚೈತ್ರಾ ಆಚಾರ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ, ಆ ಮಾತು ಬೇರೆ.) ನಿರ್ದೇಶಕರು ಮನುವನ್ನು ಮೆರೆಸಿಲ್ಲ, ನಿಜ. ಆದರೂ ಇಬ್ಬರು ಟೀಚರುಗಳೂ ಜಗಳ ಮರೆತು ಒಂದೇ ಬಾಯಲ್ಲಿ ಅಂದದ್ದು, “ಎಂಥಾ ಪ್ರೀತಿ ಅಲ್ಲಾ!”

ನನಗೆ ಸಿಟ್ಟು ಬಂತು. ಇದೇ ಊರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಹಿಂದೆ ಒಬ್ಬ ದಿನವೂ ಬಸ್ ನಿಲ್ದಾಣದಿಂದ ಬರುತ್ತಿದ್ದ. ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಒಮ್ಮೆ ಮಳೆಯಲ್ಲಿ ಗೇಟಿನ ಹತ್ತಿರ ಅವಳಿಗೆಂದು ಕೊಡೆ ಇಟ್ಟು ಹೋಗಿದ್ದನಂತೆ. ಗೆಳತಿಯರಿಗೆ ಅದು ಸಿನಿಮಾ. ಅವಳಿಗೆ ರಾತ್ರಿ ನಿದ್ದೆಯಿಲ್ಲ. ಹೀಗೆ ಹಿಂಬಾಲಿಸುವುದು ಅಪರಾಧವೆಂದು 2013ರಲ್ಲೇ ಕಾನೂನಾಗಿದೆ ಎಂದು ನಾನು ಹೇಳಿದೆ. ಅವಳ ತಂದೆ ಕಾನೂನಿನ ಗೊಡವೆಗೆ ಹೋಗಲಿಲ್ಲ, ಮಗಳ ಓದು ಬಿಡಿಸಿ ಮದುವೆ ಮಾಡಿದರು. ಹುಡುಗನ ಓದು ಮುಂದುವರಿಯಿತು.

ಇದನ್ನು ಹೇಳಿದಾಗ ಕಿರಿಯ ಟೀಚರ್, “ಹಂಗಾರೆ ಇಂಥಾ ಪಿಕ್ಚರ್ ತೆಗೀಲೇಬಾರದಾ ಮೇಡಂ?” ಎಂದು ಕೇಳಿದರು. ತೆಗೆಯಲಿ ಅಂದೆ, ಇನ್ನೂ ಕತ್ತಲೆ ಇರಲಿ. ಒಂದು ಸಲ ಕ್ಯಾಮೆರಾ ಪ್ರಿಯಾಳ ಮನೆಯೊಳಗಿರಲಿ, ಹೊರಗೆ ಯಾರೋ ನಿಂತಿದ್ದಾರೆಂದು ಅವಳಿಗೆ ಗೊತ್ತಾಗುವ ರಾತ್ರಿ.